ಹೆಗಲ ಮೇಲಿನ ದೋಣಿ

ಸಾವಿನ ಕೊನೆಯ ಕ್ರಿಯೆ, ಬೊಜ್ಜದ ಊಟ ಮುಗಿದು, ನೆಂಟರೆಲ್ಲ ಹೋಗಿ, ಮನೆ ಗುಡಿಸಿದ ಮರುದಿನ ಬೆಳಿಗ್ಗೆ ಹಾಲಿನ ಲಾಂಚ್ ಎಂದಿನಂತೆ ಬಂತು. ಅದರ ಕೂಗು ಕೇಳಿದ ಕೂಡಲೇ ಅತ್ತೆ ಚೀಲ ಕಟ್ಟಿದ ಹಗ್ಗವನ್ನು ಬಾಲ್ಕನಿಯಿಂದ ಕೆಳಗೆ ಬಿಟ್ಟರು. ಲಾಂಚಿನವನು ಮೂರು ಪ್ಯಾಕೆಟ್ ಹಾಕಿದ. ಅತ್ತೆ ಹಗ್ಗ ಎಳೆದುಕೊಂಡು ಚೀಲದೊಳಗೆ ನೋಡಿದರು.

"ಇವನಿಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತೆ" ಅಂದರು.

ಮೂರನೆಯದು ನನ್ನ ಗಂಡ ವಾದಿರಾಜನದು. ಅವನಿಗೆ ಕಾಫಿ ಬರೀ ಹಾಲಿನಲ್ಲೇ ಆಗಬೇಕಿತ್ತು. ನಾನು ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಾಯಿಸಿದೆ.

ಕೆಳಗೆ ಭರತದ, ಅಂದರೆ ಉಬ್ಬರದ, ನೀರು ಮೊದಲ ಮಹಡಿಯ ಮೆಟ್ಟಿಲವರೆಗೆ ಬಂದಿತ್ತು. ಸಮುದ್ರ ಏರಿದ ಮೇಲೆ ನಮ್ಮೂರಿನ ಬೀದಿಗಳಿಗೆ ದಿನಕ್ಕೆರಡು ಸಲ ಹೀಗೆ ನೀರು ಬರುತ್ತದೆ. ಇಳಿತದಲ್ಲಿ ಹೋಗುತ್ತದೆ, ಹೋಗುವಾಗ ಕೆಸರು, ಏಡಿ, ಯಾರದ್ದೋ ಚಪ್ಪಲಿ ಬಿಟ್ಟುಹೋಗುತ್ತದೆ. ನಾವೆಲ್ಲ ಕಂಬಗಳ ಮೇಲೆ ಕಟ್ಟಿದ ಎತ್ತರದ ಮನೆಗಳಲ್ಲಿದ್ದೇವೆ. ಮೊದಮೊದಲು ಪ್ರತಿ ಮನೆಯವರೂ ಒಂದೊಂದು ದೋಣಿ ತಂದು ಕಂಬಕ್ಕೆ ಕಟ್ಟಿಕೊಂಡಿದ್ದರು. ಒಂದು ಮಳೆಗಾಲದಲ್ಲಿ ಹಗ್ಗಗಳು ಹರಿದು, ದೋಣಿಗಳೆಲ್ಲ ತೇಲಿಹೋಗಿ ಉಬ್ಬರ ತಡೆಯುವ ಬಾಗಿಲುಗಳಿಗೆ ಸಿಕ್ಕಿಕೊಂಡವು. ಬಾಗಿಲು ಮುಚ್ಚಲಾಗದೆ ಆಸ್ಪತ್ರೆಯ ಕೆಳಮಹಡಿಗೆ ನೀರು ನುಗ್ಗಿತು. ಅಂದಿನಿಂದ ಊರಿನಲ್ಲಿ ಯಾರೂ ದೋಣಿ ಕಟ್ಟುವಂತಿಲ್ಲ. ಲಾಂಚ್ ಬಂದಾಗ ಹೋಗಬೇಕು, ಬರದಿದ್ದರೆ ಕೂರಬೇಕು.

ವಾದಿರಾಜನ ಪ್ರಶ್ನೆ ಶುರುವಾದದ್ದು ಅಲ್ಲಿಂದ. ಕಟ್ಟುವಂತಿಲ್ಲ, ಸರಿ. ಮಡಚಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ದೋಣಿ ಇದ್ದರೆ?

ಬಾಗಿಲ ಹಿಂದೆ ಆ ಮೊಳೆ ಇತ್ತು. ದೋಣಿ ಇರಲಿಲ್ಲ. ಮೂಲೆಯಲ್ಲಿ ಹುಟ್ಟೊಂದು ನಿಂತಿತ್ತು. ಹೆಬ್ಬಲಸಿನ ಮರದ್ದು, ನನಗಿಂತ ಎತ್ತರ. ಅದು ನಮ್ಮದಲ್ಲ. ಕೊಂಕಿಕುದ್ರುವಿನ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಪದ್ದಕ್ಕನಿಂದ ಅವನು ಕೇಳಿ ತಂದದ್ದು.

"ಅದನ್ನ ಕೊಟ್ಟು ಬರಬೇಕು" ಅಂದರು ಅತ್ತೆ. "ಎರವಲು ತಂದದ್ದು ಮನೆಯಲ್ಲಿ ಉಳಿಯಬಾರದು."

"ಕೊಡುತ್ತೇನೆ" ಅಂದೆ.

ಆಗಲೇ ಉಬ್ಬರದ ನಿಯಂತ್ರಣ ಕೊಠಡಿಗೆ ಬರಬೇಕೆಂದು ಫೋನ್ ಬಂತು.

*

ಉಬ್ಬರದ ನಿಯಂತ್ರಣ ಕೊಠಡಿ ಹಳೆಯ ನೀರಿನ ಟ್ಯಾಂಕಿನ ಮೇಲಿದೆ. ಗೋಡೆ ತುಂಬ ಪರದೆಗಳು, ಪ್ರತಿಯೊಂದರಲ್ಲೂ ಒಂದೊಂದು ಬಾಗಿಲು, ಒಂದೊಂದು ಬೀದಿ. ಅಲ್ಲಿನ ಎಂಜಿನಿಯರ್ ಲವೀನಾ ಮಥಾಯಸ್ ಅವರದು ದೊಡ್ಡ ದನಿ. ಗಾಳಿಯ ಜೊತೆ ಮಾತಾಡಿ ಅಭ್ಯಾಸವಾದ ದನಿ ಅಂತ ವಾದಿರಾಜ ಹೇಳುತ್ತಿದ್ದ. ಆ ದಿನ ಅವರು ಮೆಲ್ಲಗೆ ಮಾತಾಡಲು ನೋಡಿದರು. ಅವರಿಂದ ಆಗಲಿಲ್ಲ.

"ಭಾರ್ಗವಿ, ಇದು ಕೇಳುವ ಹೊತ್ತಲ್ಲ. ಆದರೆ ಮೇಲಿನವರು ನನಗೆ ಹೊತ್ತು ಕೊಡುತ್ತಿಲ್ಲ."

"ಹೇಳಿ ಮೇಡಂ."

"ಮಳೆಗಾಲಕ್ಕೆ ಮುಂಚೆ ಕೊಂಕಿಕುದ್ರು ಖಾಲಿ ಮಾಡಿಸಬೇಕು ಅಂತಿದ್ದಾರೆ. ಪದ್ದಕ್ಕನ ಕಡವಿನ ದೋಣಿ ಲಡ್ಡು ಹಿಡಿದು ಕೊಳೆತಿದೆ, ಇನ್ನು ಅದಕ್ಕೆ ಪರವಾನಗಿ ಇಲ್ಲ. ಲಾಂಚ್ ಭರತದಲ್ಲಿ ಮಾತ್ರ ಅಲ್ಲಿಗೆ ಹೋಗುತ್ತೆ, ಇಳಿತದಲ್ಲಿ ಮರಳು ತಾಗುತ್ತೆ. ಕುದ್ರುವಿನವರು ತಮ್ಮ ದೋಣಿಯಲ್ಲಿ ಈಚೆಗೆ ಬಂದರೆ ಕಟ್ಟುವುದೆಲ್ಲಿ? ನಿನ್ನ ಗಂಡ ಇದಕ್ಕೆ ಉತ್ತರ ಕೊಡ್ತೇನೆ ಅಂದಿದ್ದ. ನಾನೂ ಅವನ ಮಾತು ನಂಬಿ ಮೇಲಿನವರನ್ನು ತಡೆದಿದ್ದೆ."

"ದೋಣಿ ಎರಡು ಪರೀಕ್ಷೆ ಗೆದ್ದಿದೆ."

"ಬಿಚ್ಚಿಕೊಂಡಿತು, ದಾಟಿತು. ಮೂರನೆಯದು? ದಾಟಿದವರು ಅದನ್ನು ಅಲ್ಲೇ ಮಡಚಿ, ಹೆಗಲಿಗೇರಿಸಿ, ಲಾಂಚ್ ಹೊರಡುವ ಮೊದಲು ಹತ್ತಬೇಕು. ಒಬ್ಬರೇ. ಯಾರ ಸಹಾಯವೂ ಇಲ್ಲದೆ."

ನಾನು ಪರದೆಯ ಕಡೆ ನೋಡಿದೆ. ಅದರಲ್ಲಿ ಕುದ್ರು ಒಂದು ಹಸಿರು ಬೊಟ್ಟಿನಷ್ಟಿತ್ತು. ನದಿ ಸಮುದ್ರ ಸೇರುವ ಬಾಯಲ್ಲಿ ನೀರಿನ ನಡುವೆ ಉಳಿದ ನೆಲ, ತೆಂಗಿನ ಮರಗಳು, ಹದಿನೈದಿಪ್ಪತ್ತು ಮನೆ.

"ಬುಧವಾರ ಕುದ್ರುವಿಗೆ ಬನ್ನಿ" ಅಂದೆ. ಯಾಕೆ ಹಾಗೆಂದೆನೋ ತಿಳಿಯದು.

*

ದೋಣಿಯ ಗುಟ್ಟು ಅದರ ಮಡಿಕೆಗಳಲ್ಲಿದೆ. ಆ ಮಡಿಕೆಗಳು ನನ್ನವು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಮುಟ್ಟಿದರೆ ಮುನಿ ಗಿಡವನ್ನು. ಅದರ ಎಲೆಯ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಗಂಟು ಇರುತ್ತದೆ. ಗಂಟಿನ ತುಂಬ ನೀರಿದ್ದರೆ ಎಲೆ ನಿಲ್ಲುತ್ತದೆ, ನೀರು ಹೊರಟರೆ ಬೀಳುತ್ತದೆ. ಹಾಗೇ ನೀರು ಕುಡಿದು ಬಿಗಿಯುವ ಒಂದು ನಾರನ್ನು ನಾನು ತಯಾರಿಸಿದ್ದೆ. ಅದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ಉಪನ್ಯಾಸದ ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಇದರಲ್ಲಿ ದೋಣಿ ಹೊಲಿಯಬಹುದಾ?" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಮುಂದಿನ ವರ್ಷ ನಮ್ಮ ಮದುವೆಯಾಯಿತು.

ನೀರು ಹೋಗದ ಬಟ್ಟೆ ಎರಡು ಪದರ. ಅದನ್ನು ಮಡಚುವ ಗೆರೆಗಳ ಉದ್ದಕ್ಕೂ ಬೆರಳಗಲದ ಹೊಲಿಗೆ, ಹೊಲಿಗೆಯೊಳಗೆ ನನ್ನ ನಾರು. ಒಣಗಿದ್ದಾಗ ಅದು ಮಡಚಿಟ್ಟ ಕಂಬಳಿಯಂತೆ. ನೀರಿಗೆ ಹಾಕಿದರೆ ಹೊಲಿಗೆಗಳು ನೀರು ಕುಡಿದು ಉಬ್ಬುತ್ತವೆ, ಪ್ರತಿ ಮಡಿಕೆಯೂ ತನ್ನ ಕೋನಕ್ಕೆ ಬಂದು ನಿಲ್ಲುತ್ತದೆ. ಹಪ್ಪಳ ಎಣ್ಣೆಯಲ್ಲಿ ಅರಳಿದಂತೆ ಕಣ್ಣೆದುರೇ ಒಂದು ಕಯಾಕ್ ಏಳುತ್ತದೆ. ಉದ್ದ, ಕಿರಿದು, ಎರಡೂ ತುದಿ ಚೂಪು. ಮೊದಲ ಸಲ ಅದು ಎದ್ದಾಗ ವಾದಿರಾಜ ಅದಕ್ಕೆ ಕೈಮುಗಿದಿದ್ದ. ಆಮೇಲೆ ನನಗೂ ಮುಗಿದ.

ತೊಂದರೆ ಇದ್ದದ್ದು ವಾಪಸು ಮಡಚುವುದರಲ್ಲಿ. ಕುಡಿದ ನೀರು ಹೊರಗೆ ಹೋಗಲು ಅರ್ಧ ದಿನದ ಬಿಸಿಲು ಬೇಕು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಅವನು ಹೊಲಿಗೆಗಳಲ್ಲಿ ಬಿಸಿ ತಂತಿ ಹಾಯಿಸಿ ನೋಡಿದ, ಹಿಂಡುವ ರೋಲರ್ ಮಾಡಿದ, ಉಪ್ಪಿನ ಪುಡಿ ಸುರಿದ. ಪ್ರಯೋಗಾಲಯದ ತೊಟ್ಟಿಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತೇ ಇರುತ್ತಿದ್ದ. ಒಂದು ದೊಡ್ಡ ಭರತದಲ್ಲಿ ಬೀದಿಯ ನೀರು ಆ ತೊಟ್ಟಿಗೂ ಸೇರಿತು. ಅವನ ಕಾಲಲ್ಲಿ ಗಾಯವಿತ್ತು. ಇಲಿಜ್ವರ ಅಂತ ಗೊತ್ತಾಗುವ ಹೊತ್ತಿಗೆ ಕಣ್ಣು ಹಳದಿಯಾಗಿತ್ತು.

ಕೊನೆಯ ದೋಣಿಯನ್ನು ಅವನು ಕುದ್ರುವಿನಲ್ಲಿ ಪದ್ದಕ್ಕನ ಮನೆಯಲ್ಲಿ ಬಿಟ್ಟಿದ್ದ. ಅಲ್ಲಿನ ಜನ ಬಳಸಿ ನೋಡಲಿ ಅಂತ. ಅದಕ್ಕೆ ಬದಲಾಗಿ ಪದ್ದಕ್ಕ ತನ್ನ ಹುಟ್ಟು ಕೊಟ್ಟಿದ್ದಳು. ಅವನ ಅಲ್ಯೂಮಿನಿಯಂ ಹುಟ್ಟನ್ನು ನೋಡಿ, "ಇದು ಸೌಟಾ?" ಅಂದಿದ್ದಳಂತೆ. ಅದನ್ನು ಅವನೇ ಮನೆಗೆ ಬಂದು ಹೇಳಿ ನಕ್ಕಿದ್ದ. "ದೋಣಿಯೇನೋ ನಾನು ಮಾಡಬಲ್ಲೆ ಭಾರ್ಗವಿ. ಇಂಥ ಹುಟ್ಟು ನನ್ನಿಂದ ಆಗಲಿಕ್ಕಿಲ್ಲ. ಹಿಡಿದು ನೋಡು, ಇದು ತಾನೇ ನೀರಿಗೆ ಹೋಗುತ್ತೆ."

*

ಬುಧವಾರ ಮಥಾಯಸ್ ಮೇಡಂ ಜೊತೆ ಕುದ್ರುವಿಗೆ ಹೋದೆ. ಹುಟ್ಟು ತಗೊಂಡು ಹೋಗಿದ್ದೆ, ಪರೀಕ್ಷೆ ಮುಗಿದ ಮೇಲೆ ಕೊಟ್ಟು ಬರೋಣ ಅಂತ.

ಪದ್ದಕ್ಕ ಕಡವಿನಲ್ಲಿ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಸೀರೆ. ನನ್ನನ್ನು ಕಂಡು ಹತ್ತಿರ ಬಂದಳು. ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಕಪ್ಪಾಗಿ, ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು.

"ಉಂಡ್ಯಾ ಹೆಣ್ಣೆ?"

"ಆಯ್ತು ಪದ್ದಕ್ಕ."

"ಸುಳ್ಳು" ಅಂದು ದೋಣಿ ತಂದುಕೊಟ್ಟಳು.

ನಾನು ಅದನ್ನು ನೀರಿಗೆ ಬಿಟ್ಟೆ. ಪಕ್ಕಗಳು ಎದ್ದವು, ತುದಿಗಳು ಎದ್ದವು. ಹತ್ತಿ ಕೂತೆ. ಹುಟ್ಟು ಒಂದು ಸಲ ಹಾಕಿದೆನೋ ಇಲ್ಲವೋ, ನಡುವೆ ಏನೋ ಜಾರಿತು. ಎರಡೂ ಪಕ್ಕಗಳು ಪುಸ್ತಕ ಮುಚ್ಚುವಂತೆ ನನ್ನ ಮೇಲೆ ಮುಚ್ಚಿಕೊಂಡವು. ಮರುಗಳಿಗೆ ನಾನು ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಬಾಯಿ ತುಂಬ ಉಪ್ಪು.

ಮಥಾಯಸ್ ಮೇಡಂ ಬೂಟು ಸಮೇತ ನೀರಿಗಿಳಿದು ನನ್ನನ್ನು ದಡಕ್ಕೆಳೆದರು. "ಒಂದು ಮನೆಗೆ ಒಂದು ಸಾವು ಸಾಕಮ್ಮ" ಅಂದರು.

ದೋಣಿಯನ್ನು ಮರಳಿನ ಮೇಲೆ ಮಗುಚಿ ನೋಡಿದೆ. ನಡುವಿನ ಹೊಲಿಗೆ, ದೋಣಿಯ ಬೆನ್ನುಮೂಳೆಯಂತೆ ತುದಿಯಿಂದ ತುದಿಗೆ ಹೋಗುವ ಹೊಲಿಗೆ, ಕಪ್ಪಾಗಿತ್ತು. ಬೆರಳಿಟ್ಟೆ. ಜಿಡ್ಡು. ಮೂಸಿದೆ. ಗೇರೆಣ್ಣೆ.

"ನಾನೇ ಹಚ್ಚಿದ್ದ್" ಅಂದಳು ಪದ್ದಕ್ಕ.

ಅವಳಿಗೆ ತಪ್ಪೇನೆಂದು ಇನ್ನೂ ತಿಳಿದಿರಲಿಲ್ಲ. ಒಡೆಯ ಸತ್ತ ದೋಣಿಯನ್ನು ಒಣ ಮೈಯಲ್ಲಿ ಮತ್ತೆ ನೀರಿಗಿಳಿಸುವುದಿಲ್ಲ. ಅದು ಅವರ ಪದ್ಧತಿ. ಹಳೆಯ ಹೊಲಿಗೆ ದೋಣಿಗಳಿಗೆ ಮಾಡುತ್ತಿದ್ದ ಹಾಗೆ ಮೊದಲು ನಡು ಹೊಲಿಗೆಗೆ ಎಣ್ಣೆ ಕುಡಿಸಬೇಕು, ಆಮೇಲೆ ಬೇರೆಯವಕ್ಕೆ. ಒಂದು ಗೆರಟೆ ಎಣ್ಣೆಯಿತ್ತು. ನಡುವಿಗೇ ಮುಗಿಯಿತು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮ ಸುಡುತ್ತದೆ. ಆದರೂ ಬರಿಗೈಯಲ್ಲೇ ತಿಕ್ಕಿದ್ದಳು.

"ಮಾಣಿಯ ದೋಣಿ ಬೋಳಾಗಿ ಮೂಲೆಯಲ್ಲಿ ಬಿದ್ದಿತ್ತ್. ನಂಗೆ ಕಾಂಬುಕೆ ಆಯ್ಲಿಲ್ಲ" ಅಂದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿ, "ಎಂತ ಆಯ್ತ್?" ಅಂತ ಕೇಳಿದಳು.

ಎಣ್ಣೆ ಕುಡಿದ ನಾರು ನೀರು ಕುಡಿಯುವುದಿಲ್ಲ. ನಾನು ಅದನ್ನು ಹೇಳಲೇಬೇಕಾಯಿತು. ಪದ್ದಕ್ಕ ಮರಳಿನ ಮೇಲೆ ಕುಳಿತುಬಿಟ್ಟಳು.

ಲಾಂಚಿನಲ್ಲಿ ಮಥಾಯಸ್ ಮೇಡಂ ಹೇಳಿದರು: "ಹುಣ್ಣಿಮೆಯ ಭರತಕ್ಕೆ ಇನ್ನೊಂದು ಸಲ. ಅದರ ಮೇಲೆ ನನ್ನ ಕೈಯಲ್ಲಿಲ್ಲ."

ಹುಟ್ಟು ಕೊಡಲು ಮರೆತಿತ್ತು. ಮತ್ತೆ ಮೂಲೆಗೆ ತಂದಿಟ್ಟೆ.

*

ಅತ್ತೆ ಮಂಚ ಕೊಟ್ಟುಬಿಡೋಣ ಅಂದರು. ಜೋಡಿ ಮಂಚ, ಕೋಣೆಯ ಮುಕ್ಕಾಲು ಭಾಗ ಅದೇ. ಎರಡನೇ ಮಹಡಿಯಲ್ಲಿ ಹೊಸದಾಗಿ ಮದುವೆಯಾದವರು ಇದ್ದರು. ಅವರ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಅಂತ ಅಳೆಯಬೇಕಿತ್ತು.

"ನಿನಗೆ ಬೇಡದಿದ್ದರೆ ಮಾತ್ರ" ಅಂದರು.

"ಬೇಡ" ಅಂದೆ.

ವಾದಿರಾಜನ ಡ್ರಾಯರಿನಿಂದ ಉಕ್ಕಿನ ಅಳತೆ ಟೇಪು ತಂದರು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಎಳೆಯುತ್ತ ಮಂಚದ ಆಚೆ ಹೋದರು. ಟೇಪು ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಅತ್ತೆ ಅಳತೆ ಓದಲು ಕನ್ನಡಕ ಹುಡುಕುತ್ತ, ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಒತ್ತಿದ ಕಡೆ ಅದು ಚಪ್ಪಟೆಯಾಗಿ ಪಟ್ಟನೆ ಮಡಚಿ ಬಿತ್ತು.

"ಅಯ್ಯೋ" ಅಂದರು.

"ಅತ್ತೆ, ಇನ್ನೊಂದು ಸಲ ಹಾಗೇ ಮಾಡಿ."

"ಎಂತದ್ದು?"

"ಒತ್ತಿ."

ಒತ್ತಿದರು. ಬಿತ್ತು. ಬಿಟ್ಟರು. ನಿಂತಿತು.

ಉಕ್ಕು ಅದೇ. ಅಡ್ಡಕ್ಕೆ ಸ್ವಲ್ಪ ಬಾಗಿದ್ದಾಗ ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದೆ. ಆ ಬಾಗನ್ನು ಚಪ್ಪಟೆ ಮಾಡಿದರೆ ಎಲ್ಲಿ ಬೇಕಾದರೂ ಮಡಚುತ್ತದೆ. ನಾವಿಬ್ಬರೂ ಇಷ್ಟು ಕಾಲ ಎಲ್ಲ ಹೊಲಿಗೆಗಳಿಂದಲೂ ನೀರು ಹಿಂಡಲು ಹೊರಟಿದ್ದೆವು. ಹಿಂಡಬೇಕಾಗಿಯೇ ಇರಲಿಲ್ಲ. ಒಂದೇ ಒಂದು ಹೊಲಿಗೆ, ನಡುವಿನದು, ಸಡಿಲವಾಗಿದ್ದರೆ ಸಾಕು. ಅದನ್ನು ಬಾಗಿಸಿ ಹಿಡಿದರೆ ದೋಣಿ. ಚಪ್ಪಟೆ ಮಾಡಿದರೆ ಉಳಿದ ಹೊಲಿಗೆಗಳು ಎಷ್ಟೇ ನೀರು ಕುಡಿದಿರಲಿ, ಬಟ್ಟೆ. ಪದ್ದಕ್ಕ ತನ್ನ ಅಂಗೈ ಸುಟ್ಟುಕೊಂಡು ಮಾಡಿದ ತಪ್ಪು ಅದೊಂದೇ ಹೊಲಿಗೆಯ ಮೇಲಿತ್ತು.

"ಯಾಕೆ ನಗ್ತಿದ್ದೀ?" ಅಂದರು ಅತ್ತೆ. ನಾನು ನಗುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅತ್ತೆ ಟೇಪನ್ನು ಸುತ್ತಿಟ್ಟು, ಮಂಚದ ಮೇಲೆ ನನ್ನ ಪಕ್ಕ ಕೂತರು. ಅಳತೆ ಆ ದಿನ ಆಗಲಿಲ್ಲ.

*

ಪ್ರಯೋಗಾಲಯದ ಬೀಗ ತೆಗೆದಾಗ ಅವನ ಬೂಟುಗಳು ತೊಟ್ಟಿಯ ಪಕ್ಕದಲ್ಲೇ ಇದ್ದವು. ಒಳಗೆ ಜೇಡ ಮನೆ ಕಟ್ಟಿತ್ತು. ಅದನ್ನು ಹಾಗೇ ಬಿಟ್ಟೆ.

ಕುದ್ರುವಿನಿಂದ ತಂದ ದೋಣಿಗೆ ಹೊಸ ನಾರು ಹೊಲಿದು ಮಾಡಿದ ಮೊದಲ ಪ್ರಯತ್ನ ಕೆಟ್ಟಿತು. ಎಣ್ಣೆ ನಡು ಹೊಲಿಗೆಯಿಂದ ಪಕ್ಕದವಕ್ಕೂ ಹರಿಯಿತು, ದೋಣಿ ಒದ್ದೆ ಟವಲಿನಂತೆ ಬಿತ್ತು. ನಾರು ಬದಲಿಸಿ, ಎರಡೂ ಬದಿಗೆ ಜೇನುಮೇಣದ ಗೆರೆ ಎಳೆದು ಮತ್ತೆ ಹಚ್ಚಿದೆ. ಈ ಸಲ ಎಣ್ಣೆ ನಿಂತಿತು.

ಇನ್ನು ನಡುವನ್ನು ಬಾಗಿಸಿ ಹಿಡಿಯಲು ಏನಾದರೂ ಬೇಕು. ದೋಣಿಯಲ್ಲಿ ವಾದಿರಾಜ ಮಾಡಿದ ಮರದ ಕೂರುಹಲಗೆ ಇತ್ತು. ತೂಕ ಸುಮ್ಮನೆ ಹೆಚ್ಚು, ತೆಗೆದುಬಿಡು ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಅವನು ತೆಗೆದಿರಲಿಲ್ಲ; ಬುಧವಾರ ನಾನೇ ಅದನ್ನು ಹಾಕದೆ ಕೂತಿದ್ದೆ. ಹಲಗೆಯನ್ನು ಮಗುಚಿದೆ. ಅಡಿಯಲ್ಲಿ ಒಂದು ಬೆಣೆ, ಎರಡೂ ಕಡೆ ಇಳಿಜಾರು ಕೆತ್ತಿದ್ದು. ಅದನ್ನು ನಡು ಹೊಲಿಗೆಯ ಮೇಲಿಟ್ಟೆ. ಬೇಕಾದ ಕೋನಕ್ಕೆ ಸರಿಯಾಗಿ ಕೂತಿತು.

ಕೂರಲು ಅನುಕೂಲ ಅಂತ ಮಾಡಿದನೋ, ಇದನ್ನೇ ಯೋಚಿಸಿ ಮಾಡಿದನೋ. ಕೇಳಲು ಅವನಿಲ್ಲ. ಅವನು ಕೆಲಸ ಮಾಡುತ್ತಿದ್ದದ್ದೇ ಹಾಗೆ. ಕಾರಣ ಅವನಿಗೂ ಹೊಳೆಯುವ ಮುಂಚೆ ಕೈ ಕೆತ್ತಿರುತ್ತಿತ್ತು. ನಾನು ಅದನ್ನು ಹುಡುಗಾಟ ಅಂದುಕೊಂಡಿದ್ದೆ.

ಹಲಗೆ ಕಿತ್ತೆ. ನಡುವಿನ ಮೇಲೆ ಕಾಲಿಟ್ಟು ಒತ್ತಿದೆ. ತೊಟ್ಟಿಯ ನೀರು ಇನ್ನೂ ತೊಟ್ಟಿಕ್ಕುತ್ತಿದ್ದಂತೆಯೇ ಇಡೀ ದೋಣಿ ಚಪ್ಪಟೆಯಾಯಿತು.

*

ಹುಣ್ಣಿಮೆಯ ಭರತ ಬೆಳಿಗ್ಗೆಯೇ ಏರಿತು. ಅತ್ತೆ ನಮ್ಮ ಕಟ್ಟಡದ ಮೆಟ್ಟಿಲವರೆಗೆ ಬಂದರು. ನೀರಿಗೆ ಬಿಟ್ಟ ದೋಣಿ ಮೈಮುರಿದು ಎದ್ದದ್ದನ್ನು ಅವರು ಮೊದಲ ಸಲ ನೋಡಿದ್ದು. ಅದರ ತುದಿಯನ್ನು ಒಮ್ಮೆ ಸವರಿದರು, ಕರುವನ್ನು ಸವರಿದ ಹಾಗೆ. ಹಲಗೆ ಸಿಕ್ಕಿಸಿ, ಹತ್ತಿ ಕೂತೆ.

ಹಿಂದಿನಿಂದ ಲಾಂಚ್ ಬರುತ್ತಿತ್ತು. ಅದರ ಮುಂಭಾಗದಲ್ಲಿ ಮಥಾಯಸ್ ಮೇಡಂ ನಿಂತಿದ್ದರು. ಬೀದಿ ದಾಟಿ, ಮುಳುಗಿದ ಬಸ್ ನಿಲ್ದಾಣದ ಮಾಡಿನ ಪಕ್ಕದಿಂದ ತಿರುಗಿ, ನದಿಯ ಬಾಯಿಗೆ ಬಂದೆ. ಅಲೆ ದೋಣಿಯ ಅಡಿಯಲ್ಲಿ ಹಾದುಹೋದಾಗ ಹೊಲಿಗೆಗಳು ಬಿಗಿದು ಹಿಡಿದದ್ದು ತೊಡೆಗೆ ಗೊತ್ತಾಗುತ್ತಿತ್ತು. ನಡುವೆ ಏನೂ ಜಾರಲಿಲ್ಲ.

ಕುದ್ರುವಿನ ದಡದಲ್ಲಿ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಪದ್ದಕ್ಕ.

"ಹ್ವಾಯ್! ನೀರಿಗೆ ಹೊಡೀಬೇಡ ಹೆಣ್ಣೆ! ನೀರೆಂತ ಮಾಡಿತ್ತ್ ನಿಂಗೆ? ಎಳಿ, ಎಳಿ!"

ಎಳೆದೆ. ಹುಟ್ಟು ತಾನೇ ನೀರಿಗೆ ಹೋಯಿತು.

ದಡಕ್ಕಿಳಿದಾಗ ಲಾಂಚ್ ಕಡವಿಗೆ ತಾಗಿತ್ತು. ಜನ ಹತ್ತುತ್ತಿದ್ದರು. ಅದು ಮೊದಲ ಸಲ ಕೂಗಿತು. ಎರಡನೇ ಸಲ ಕೂಗಿದರೆ ಹೊರಡುತ್ತದೆ. ನಾನು ಹುಟ್ಟನ್ನು ಪದ್ದಕ್ಕನ ಕಡೆ ಚಾಚಿದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಈಗ ಬೇಡ. ಮಡಚುಕೆ ಆಗ್ದಿದ್ರೆ ವಾಪಸ್ ಹೆಂಗೆ ಹೋಪುದ್? ಕೈಯಲ್ಲಿ ನೀರು ತೋಡಿಕಂಡಾ? ಮೊದ್ಲ್ ಮಡಚ್, ಕಾಂಬ."

ಹುಟ್ಟನ್ನು ಮರಳಿಗೆ ಊರಿ ನಿಲ್ಲಿಸಿದೆ. ದೋಣಿಯನ್ನು ಎಳೆದುಕೊಂಡೆ. ಎಲ್ಲ ಹೊಲಿಗೆಗಳೂ ನೀರು ಕುಡಿದು ಕಲ್ಲಿನಂತಿದ್ದವು. ಹಲಗೆ ಎಳೆದೆ. ಬರಲಿಲ್ಲ. ನನ್ನ ಭಾರಕ್ಕೆ ಬಿಗಿದುಕೊಂಡಿತ್ತು. ಯಾರೋ ಮುಂದೆ ಬಂದರು. "ಮುಟ್ಟಬೇಡಿ!" ಅಂತ ಲಾಂಚಿನಿಂದ ಮಥಾಯಸ್ ಮೇಡಂ ಕೂಗಿದರು. "ಒಬ್ಬಳೇ ಮಾಡಬೇಕು!"

ಹಲಗೆಯ ಒಂದು ತುದಿಯಲ್ಲಿ ಬೆರಳು ತೂರಿಸಲು ಒಂದು ಕಚ್ಚು ಇತ್ತು. ಅದನ್ನೂ ಅವನೇ ಕೆತ್ತಿದ್ದ. ಅಲ್ಲಿಗೆ ಬೆರಳು ಹಾಕಿ ಓರೆಯಾಗಿ ಎತ್ತಿದೆ. ಬಂತು.

ಕಾಲಿಟ್ಟು ಒತ್ತಿದೆ.

ದೋಣಿ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ಮಲಗಿತು. ಮಧ್ಯಕ್ಕೆ ಮಡಚಿದೆ, ಮತ್ತೊಮ್ಮೆ, ಮಗದೊಮ್ಮೆ. ಪಟ್ಟಿ ಬಿಗಿದು ಹೆಗಲಿಗೆ ಹಾಕಿಕೊಂಡೆ. ಬೆನ್ನ ಮೇಲೆಲ್ಲ ನೀರು ಸುರಿಯಿತು. ಸೇರಿದ್ದವರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹೆಂಗಸು ತನ್ನ ಗಂಡನಿಗೆ, "ನಮ್ಮ ಬಾಗಿಲ ಹಿಂದೆ ಮೊಳೆ ಇತ್ತಾ?" ಅಂದಳು.

ಲಾಂಚ್ ಇನ್ನೂ ಕೂಗಿರಲಿಲ್ಲ. ಮಥಾಯಸ್ ಮೇಡಂ ಚಾಲಕನ ತೋಳು ಹಿಡಿದುಕೊಂಡು ನಿಂತಿದ್ದರು. ಯಾಕೆ ಹಿಡಿದಿದ್ದರೋ. ಅದನ್ನು ಅವರು ವರದಿಯಲ್ಲಿ ಬರೆಯಲಿಕ್ಕಿಲ್ಲ.

ಮರಳಿನಿಂದ ಹುಟ್ಟು ಕಿತ್ತೆ. ಅದರ ಹಿಡಿಗೆ ವಾದಿರಾಜ ನೀಲಿ ನೂಲು ಸುತ್ತಿದ್ದ, ಅಂಗೈ ಉಜ್ಜದಿರಲಿ ಅಂತ. ಈವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವನ ಬೆರಳು ಕೂರುತ್ತಿದ್ದ ಕಡೆ ನೂಲು ಸವೆದು ಬೆಳ್ಳಗಾಗಿತ್ತು.

"ಇದನ್ನ ಬಿಚ್ಚಿ ಕೊಡಲಾ ಪದ್ದಕ್ಕ?"

ಅವಳು ತನ್ನ ಸುಟ್ಟ ಅಂಗೈ ನೋಡಿಕೊಂಡಳು.

"ಇರ್ಲಿ" ಅಂದಳು. "ನಂಗೂ ಉಜ್ಜತ್ತ್."

ಎರಡೂ ಕೈಯಲ್ಲಿ ಹಿಡಿದು ಹುಟ್ಟನ್ನು ಅವಳಿಗೆ ಕೊಟ್ಟೆ.